ಪಾಡ್‌ಕಾಸ್ಟ್: ಆರ್.ಆರ್. ನಗರದ ಹಾಲ್‌ನಲ್ಲೊಂದು ಅಗ್ಗಿಷ್ಟಿಕೆ

(ಈ ವಾರದ ಸಂಚಿಕೆಯ ಅಕ್ಷರ ರೂಪ)



ನಮ್ಮ ಮನೆಗೆ ಮೊದಲ ಸಲ ಬರೋರು ಚಪ್ಪಲಿ ಬಿಟ್ಟು ಒಳಗೆ ಬಂದು, ಸೋಫಾ ಮೇಲೆ ಕೂರೋಕೆ ಮುಂಚೆನೇ ಒಂದು ಪ್ರಶ್ನೆ ಕೇಳ್ತಾರೆ. ‘ಇದೇನು, ಒಲೆಯಾ?’ ಹೌದು ಅಂದ್ರೆ ಎರಡನೇ ಪ್ರಶ್ನೆ. ‘ಬೆಂಗಳೂರಲ್ಲಿ ಯಾಕೆ?’ ಮೊದಲನೇದಕ್ಕೆ ನನ್ನ ಹತ್ರ ಯಾವಾಗಲೂ ಉತ್ತರ ಇತ್ತು. ಎರಡನೇದಕ್ಕೆ ಉತ್ತರ ಸಿಕ್ಕಿದ್ದು ಹೋದ ವರ್ಷ. ಅದೂ ಅಪ್ಪ ಹೋಗಿ ಎರಡು ವರ್ಷ ಆದಮೇಲೆ, ಆ ಗೋಡೆಗೆ ಬಿಳಿ ಬಣ್ಣ ಬಳಿಸೋಕೆ ಅಡ್ವಾನ್ಸ್ ಕೊಡೋ ಹಿಂದಿನ ದಿನ.

ಮೊದಲೇ ಹೇಳಿಬಿಡ್ತೀನಿ, ನಾನು ಇಂಟೀರಿಯರ್ ಡಿಸೈನರ್ ಅಲ್ಲ. ಬ್ಯಾಂಕಲ್ಲಿ ಕೆಲಸ ಮಾಡ್ತೀನಿ. ಆದರೆ ಮನೆಯ ಹಾಲ್‌ನಲ್ಲಿ ಒಂದು ದೊಡ್ಡ ಇಟ್ಟಿಗೆ ಗೋಡೆ ಇಟ್ಕೊಂಡು ಏನು ಮಾಡಬೇಕು ಅಂತ ಗೊತ್ತಾಗದೆ ಕೂತಿರೋರು ನಮ್ಮ ಕಡೆ ತುಂಬಾ ಜನ ಇದ್ದಾರೆ. ರಾಜರಾಜೇಶ್ವರಿನಗರ, ನಾಗರಭಾವಿ, ಕೆಂಗೇರಿ ಉಪನಗರ, ಎಲ್ಲಾ ಕಡೆ ಒಂದು ಕಾಲದಲ್ಲಿ ಇಂಥ ಗೋಡೆ ಕಟ್ಟಿಸೋದು ಇತ್ತು. ಈಗ ಅದೇ ಗೋಡೆ ಮೇಲೆ ಪಿವಿಸಿ ಪ್ಯಾನಲ್ ಹೊಡೆಸ್ತಾ ಇದ್ದಾರೆ. ಇನ್ನೊಂದು ಕಡೆ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇಟ್ಟಿಗೆ ಥರ ಕಾಣೋ ಟೈಲ್ ಅಂಟಿಸ್ತಾ ಇದ್ದಾರೆ. ಇರೋರು ಮುಚ್ತಾರೆ, ಇಲ್ಲದೋರು ಅಂಟಿಸ್ಕೊಳ್ತಾರೆ, ಏನು ಮಾಡೋಣ.

ನಮ್ಮ ಮನೆ ಬಿಇಎಂಎಲ್ ಬಡಾವಣೆಯಲ್ಲಿ. ಅಪ್ಪ ಕಾರ್ಖಾನೆ ನೌಕರರು. ಮೂವತ್ತು-ನಲವತ್ತರ ಸೈಟು ತಗೊಂಡಿದ್ದು 1989ರಲ್ಲಿ, ಮನೆ ಕಟ್ಟಿಸಿದ್ದು 1996ರಲ್ಲಿ. ಆಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿಮೂರು. ಆಗಿನ ಆರ್.ಆರ್. ನಗರ ಹೇಗಿತ್ತು ಅಂತ ಈಗ ಮೆಟ್ರೋ ಇಳಿದು ಬರೋರಿಗೆ ಹೇಳಿದ್ರೆ ನಂಬಲ್ಲ. ಮೈಸೂರು ರಸ್ತೆಯ ಆರ್ಚ್ ಹತ್ರ ಬಸ್ ಇಳಿದ್ರೆ ಅಲ್ಲಿಂದ ಒಳಗೆ ನಡಿಗೆನೇ. ನಾವು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದೇ 2007ರಲ್ಲಿ. ಮೆಟ್ರೋ ಬಂದಿದ್ದು 2021ರ ಆಗಸ್ಟ್‌ನಲ್ಲಿ. 1996ರಲ್ಲಿ ನಮ್ಮ ಬೀದಿಯಲ್ಲಿ ಇದ್ದದ್ದು ಐದು ಮನೆ, ಉಳಿದದ್ದೆಲ್ಲಾ ಪಾರ್ಥೇನಿಯಂ ಗಿಡ.

ಅಂಥಾ ಕಡೆ ಅಪ್ಪ ಹಾಲ್‌ನ ಪೂರ್ವದ ಗೋಡೆ ಪೂರ್ತಿ ಗಾರೆ ಮಾಡಿಸದೆ ಇಟ್ಟಿಗೆಯಲ್ಲೇ ಬಿಡಿಸಿದ್ರು. ಹದಿಮೂರು ಅಡಿ ಅಗಲ, ಹತ್ತಡಿ ಎತ್ತರ. ಮಧ್ಯದಲ್ಲಿ ಮೂರಡಿ ಅಗಲ, ಎರಡೂವರೆ ಅಡಿ ಎತ್ತರದ ಗೂಡು. ಗೂಡಿನ ಮೇಲೆ ಒಂದು ಉದ್ದದ ಕಲ್ಲಿನ ಚಪ್ಪಡಿ. ಕನ್ನಡದಲ್ಲಿ ಇದಕ್ಕೆ ಅಗ್ಗಿಷ್ಟಿಕೆ ಅನ್ನೋ ಒಳ್ಳೆ ಪದ ಇದೆ. ನಮ್ಮ ಮನೆಯಲ್ಲಿ ಮಾತ್ರ ಅದನ್ನ ‘ಅಪ್ಪನ ಒಲೆ’ ಅಂತಲೇ ಕರೆದಿದ್ದು. ಮಾಲೂರು ಕಡೆಯಿಂದ ಲಾರಿಯಲ್ಲಿ ಬಂದ ಇಟ್ಟಿಗೆ, ವೈರ್‌ಕಟ್. ಒಂದೊಂದನ್ನೂ ಅಪ್ಪ ಕೈಯಲ್ಲಿ ಹಿಡಿದು, ಇನ್ನೊಂದು ಇಟ್ಟಿಗೆಗೆ ತಟ್ಟಿ, ಟಣ್ ಅನ್ನೋದನ್ನ ಮಾತ್ರ ಆ ಗೋಡೆಗೆ ಇಡಿಸಿದ್ರು. ಡಬ್ ಅಂದಿದ್ದೆಲ್ಲಾ ಸ್ಟೋರ್ ರೂಮ್ ಗೋಡೆಗೆ ಹೋಯ್ತು. ಕರೆಂಟ್ ಹೋದಾಗ ನಾನೂ ಅಕ್ಕನೂ ಕ್ಯಾಂಡಲ್ ಬೆಳಕಲ್ಲಿ ಇಟ್ಟಿಗೆ ಎಣಿಸ್ತಿದ್ವಿ. ಐನೂರ ನಲವತ್ತರ ಆಸುಪಾಸು. ಇಬ್ಬರ ಲೆಕ್ಕ ಯಾವತ್ತೂ ತಾಳೆ ಆಗಿಲ್ಲ.

ಬೆಂಗಳೂರಿಗೆ ಅಗ್ಗಿಷ್ಟಿಕೆ ಹೊಸದೇನಲ್ಲ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ದಂಡನ್ನ ಇಲ್ಲಿಗೆ ತಂದ್ರಲ್ಲ, ಆಮೇಲೆ ಕಂಟೋನ್ಮೆಂಟ್‌ನಲ್ಲಿ ಎದ್ದ ಬಂಗಲೆಗಳಲ್ಲಿ ಇದು ಇರ್ತಿತ್ತು. ಆಗಿನ ಚಳಿನೂ ಹಾಗಿತ್ತು ಅನ್ನಿ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಆದರೆ ಅದು ದಾಖಲೆ. ಸಾಮಾನ್ಯವಾಗಿ ನಮ್ಮ ಡಿಸೆಂಬರ್, ಜನವರಿ ರಾತ್ರಿಗಳು ಹದಿನೈದು, ಹದಿನಾರು ಡಿಗ್ರಿ. ಅದಕ್ಕೆ ಒಂದು ಸ್ವೆಟರ್ ಸಾಕು, ಒಲೆ ಬೇಡ. ಅಪ್ಪನಿಗೂ ಇದು ಗೊತ್ತಿತ್ತು. ಯಾಕೆ ಕಟ್ಟಿಸ್ತೀರಿ ಅಂತ ಕೇಳಿದೋರಿಗೆಲ್ಲಾ ಅವರು ಹೇಳಿದ್ದು ಒಂದೇ ಮಾತು: ‘ಚೆನ್ನಾಗಿರುತ್ತೆ ಬಿಡಿ.’

ಆ ಒಲೆಯಲ್ಲಿ ಬೆಂಕಿ ಉರಿದಿದ್ದು ಒಂದೇ ಒಂದು ದಿನ.

ಗೃಹಪ್ರವೇಶ ಆಗಿ ಎರಡು ವಾರ ಕಳೆದಿತ್ತು. ಡಿಸೆಂಬರ್ ತಿಂಗಳು. ಅಪ್ಪ ಸಂಜೆ ಸೌದೆ ಜೋಡಿಸಿ, ಒಣ ತೆಂಗಿನ ಗರಿ ಇಟ್ಟು, ನಮ್ಮನ್ನೆಲ್ಲಾ ಎದುರಿಗೆ ಚಾಪೆ ಮೇಲೆ ಕೂರಿಸಿ ಕಡ್ಡಿ ಗೀರಿದ್ರು. ಎರಡು ನಿಮಿಷ ಬಹಳ ಚೆಂದ ಇತ್ತು. ಮೂರನೇ ನಿಮಿಷಕ್ಕೆ ಹೊಗೆ ಮೇಲೆ ಹೋಗೋದು ಬಿಟ್ಟು ನಮ್ಮ ಕಡೆ ತಿರುಗಿತು. ಐದನೇ ನಿಮಿಷಕ್ಕೆ ನಾವೆಲ್ಲಾ ಬೀದಿಯಲ್ಲಿ. ಎದುರು ಮನೆಯವರು ಬಿಂದಿಗೆಯಲ್ಲಿ ನೀರು ಹಿಡ್ಕೊಂಡು ಓಡಿಬಂದ್ರು. ಅಮ್ಮ ಸೆರಗು ಮುಚ್ಕೊಂಡು ನಗ್ತಾ ಇದ್ರು. ಅಪ್ಪ ನಗಲಿಲ್ಲ. ಮಾರನೇ ದಿನದಿಂದ ಅದರ ಮಾತೇ ಎತ್ತಲಿಲ್ಲ.

ಅದು ಯಾಕೆ ಹಾಗಾಯ್ತು ಅಂತ ನನಗೆ ಅರ್ಥ ಆಗಿದ್ದು ಈಚೆಗೆ. ಅಗ್ಗಿಷ್ಟಿಕೆಗೆ ಒಂದು ಲೆಕ್ಕ ಇದೆ. ಮುಂದಿನ ಬಾಯಿ ಎಷ್ಟು ವಿಸ್ತೀರ್ಣ ಇದೆಯೋ ಅದರ ಸುಮಾರು ಹತ್ತನೇ ಒಂದು ಭಾಗದಷ್ಟಾದರೂ ಹೊಗೆ ಕೊಳವೆಯ ವಿಸ್ತೀರ್ಣ ಇರಬೇಕು. ನಮ್ಮ ಗೂಡಿನ ಬಾಯಿ 36 ಇಂಚು, 30 ಇಂಚು. ಅಂದ್ರೆ 1080 ಚದರ ಇಂಚು. ಕೊಳವೆ ನೂರೆಂಟು ಚದರ ಇಂಚು ಬೇಕು. ಅಗ್ಗಿಷ್ಟಿಕೆ ಅನ್ನೋದನ್ನೇ ನೋಡಿರದ ನಮ್ಮ ಮೇಸ್ತ್ರಿ ಗೋಡೆ ಒಳಗೆ ಇಟ್ಟಿದ್ದು ನಾಲ್ಕಿಂಚಿನ ಒಂದು ಪೈಪು. ಅದರ ಒಳಗಿನ ಜಾಗ ಹನ್ನೆರಡೂವರೆ ಚದರ ಇಂಚು. ಬಚ್ಚಲು ನೀರು ಹೋಗೋಕೆ ಇಡೋ ಪೈಪಲ್ಲಿ ಅಷ್ಟು ಹೊಗೆ ಹೇಗೆ ಹೋಗಬೇಕು? ಗೂಡು ತುಂಬಾ ಆಳನೂ ಆಗಿತ್ತು. 18ನೇ ಶತಮಾನದ ಕೊನೆಯಲ್ಲೇ ರಮ್‌ಫೋರ್ಡ್ ಅನ್ನೋ ವಿಜ್ಞಾನಿ ಇಂಗ್ಲೆಂಡಿನ ಒಲೆಗಳನ್ನ ನೋಡಿ, ಗೂಡು ಆಳ ಕಡಿಮೆ ಇರಲಿ, ಪಕ್ಕದ ಗೋಡೆಗಳು ಓರೆಯಾಗಿರಲಿ, ಹೊಗೆ ಹೋಗೋ ಗಂಟಲು ಕಿರಿದಾಗಿ ನುಣುಪಾಗಿರಲಿ ಅಂತ ತೋರಿಸಿಕೊಟ್ಟಿದ್ದ. ಇಷ್ಟೆಲ್ಲಾ ಸರಿಯಿದ್ರೂ ತೆರೆದ ಒಲೆಯ ಶಾಖದಲ್ಲಿ ದೊಡ್ಡ ಪಾಲು ಕೊಳವೆಯಲ್ಲಿ ಮೇಲೆ ಹೋಗಿಬಿಡುತ್ತೆ. ಇದನ್ನ ಯಾಕೆ ಇಷ್ಟು ಹೇಳಿದೆ ಅಂದ್ರೆ, ನಿಮ್ಮ ಮನೆಯಲ್ಲೂ ಇಂಥ ಗೂಡು ಇದ್ದು, ಚಳಿಗಾಲದಲ್ಲಿ ಒಂದು ಸಲ ಹಚ್ಚಿ ನೋಡೋಣ ಅನ್ನೋ ಆಸೆ ಇದ್ರೆ ದಯವಿಟ್ಟು ಬೇಡ. ಹೊಗೆ ಕಣ್ಣಿಗೆ ಕಾಣುತ್ತೆ, ಎದ್ದು ಓಡಬಹುದು. ಇದ್ದಿಲು, ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣನೂ ಇಲ್ಲ, ವಾಸನೆನೂ ಇಲ್ಲ. ಕಿಟಕಿ ಮುಚ್ಚಿ ಮಲಗಿದೋರು ಏಳಲ್ಲ.

ಆ ಒಂದು ಸಂಜೆ ಬಿಟ್ಟುಹೋಗಿದ್ದು ಗೂಡಿನ ಬಾಯಿಯ ಮೇಲ್ಭಾಗದ ಇಟ್ಟಿಗೆಗಳ ಮೇಲೆ, ಚಪ್ಪಡಿ ಕೆಳಗೆ, ಒಂದು ಕಪ್ಪು ಮಸಿ ಕಲೆ. ಎರಡು ಕೈ ಅಗಲಿಸಿದಷ್ಟು.

ಆಮೇಲಿನ ಇಪ್ಪತ್ತೈದು ವರ್ಷ ಆ ಗೋಡೆ ನಮ್ಮ ಮನೆಯ ಗೋದಾಮು. ಗೂಡಿನ ಒಳಗೆ ಹಳೇ ಪೇಪರ್, ಯುಪಿಎಸ್ ಬ್ಯಾಟರಿ, ಒಂದು ಕಾಲದಲ್ಲಿ ಗ್ಯಾಸ್ ಸಿಲಿಂಡರ್ ಕೂಡ! ಒಲೆ ಒಳಗೆ ಸಿಲಿಂಡರ್ ಇಟ್ಟಿದ್ವಿ, ನೆನೆಸ್ಕೊಂಡ್ರೆ ಈಗ ಮೈ ಜುಂ ಅನ್ನುತ್ತೆ. ಚಪ್ಪಡಿ ಮೇಲೆ ಟಿವಿ, ಟಿವಿ ಮೇಲೆ ಕ್ರೋಶಾ ಬಟ್ಟೆ. ಎರಡೂ ಪಕ್ಕ ಶೋಕೇಸು. ಇಟ್ಟಿಗೆ ಕಾಣ್ತಿದ್ದದ್ದು ಚೂರುಚೂರು. ವಾಸ್ತು ನೋಡೋರೊಬ್ಬರು ಬಂದು ‘ಈಶಾನ್ಯದಲ್ಲಿ ಅಗ್ನಿ ಇಟ್ಟಿದ್ದೀರಿ’ ಅಂತ ಹೆದರಿಸಿದ್ರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಉರೀದೇ ಇರೋ ಅಗ್ನಿಗೂ ದೋಷ ಇದೆಯಾ ಸ್ವಾಮಿ?’ ಅವರು ಯೋಚನೆ ಮಾಡಿ, ಅದಕ್ಕೆ ಶಾಂತಿ ಬೇಡ ಅಂತ ಹೇಳಿ ಕಾಫಿ ಕುಡಿದು ಹೋದ್ರು.

ಅಪ್ಪ ತೀರಿಕೊಂಡಿದ್ದು 2022ರಲ್ಲಿ. 2024ರ ಹೊತ್ತಿಗೆ ಮನೆಗೆ ಸ್ವಲ್ಪ ಕೆಲಸ ಮಾಡಿಸಲೇಬೇಕಿತ್ತು. ಅಮ್ಮನಿಗೆ ಮಂಡಿ ನೋವು, ಮೇಲಿನ ರೂಮಿಂದ ಕೆಳಗೆ ಬಂದಿದ್ರು, ಇಡೀ ದಿನ ಹಾಲ್‌ನಲ್ಲೇ. ಆ ಗೋಡೆ ಮಾತ್ರ ಬಿಳಿ ಪುಡಿ ಉದುರಿಸ್ತಾ ಇತ್ತು. ಬೆಳಗ್ಗೆ ಗುಡಿಸಿದ್ರೆ ಸಂಜೆಗೆ ಮತ್ತೆ ನೆಲದ ಮೇಲೆ. ಅಕ್ಕ ಡಬ್ಲಿನ್‌ನಿಂದ ವಿಡಿಯೋ ಕಾಲ್‌ನಲ್ಲಿ ನೋಡಿ, ‘ಅದನ್ನ ಮುಚ್ಚಿಸಿಬಿಡೇ, ಅಮ್ಮನಿಗೆ ಕೆಮ್ಮು ಬರುತ್ತೆ’ ಅಂದ್ಲು. ಅವಳ ಮನೆಯಲ್ಲಿ ನಿಜವಾದ ಫೈರ್‌ಪ್ಲೇಸ್ ಇದೆ, ಅವಳಿಗೆ ಇದರ ಮೇಲೆ ಏನು ಮೋಹ.

ಒಬ್ಬ ಡಿಸೈನರ್ ಬಂದ್ರು. ಹುಡುಗ ಒಳ್ಳೆಯವನೇ. ಲ್ಯಾಪ್‌ಟಾಪ್‌ನಲ್ಲಿ ಮೂರು ಚಿತ್ರ ತೋರಿಸಿದ. ಒಂದು, ಗೋಡೆ ಪೂರ್ತಿ ಪ್ಲೈವುಡ್, ಲ್ಯಾಮಿನೇಟ್, ಮಧ್ಯದಲ್ಲಿ 65 ಇಂಚಿನ ಟಿವಿ. ಎರಡು, ಗೂಡು ಮುಚ್ಚಿ ಗಾರೆ ಮಾಡಿ ವಾಲ್‌ಪೇಪರ್. ಮೂರು, ಇಟ್ಟಿಗೆ ಹಾಗೇ ಬಿಟ್ಟು ಮೇಲೆ ಬಿಳಿ ಬಣ್ಣ. ಮೂರನೇದು ನನಗೂ ಇಷ್ಟ ಆಯ್ತು, ಸುಳ್ಳು ಹೇಳಲ್ಲ. ರೂಮು ದೊಡ್ಡದಾಗಿ ಕಾಣ್ತಿತ್ತು. ಒಟ್ಟು ಅಂದಾಜು 3 ಲಕ್ಷದ 40 ಸಾವಿರ. ಗೂಡಿನ ಮೇಲಿನ ಕಪ್ಪು ಕಲೆಗೆ ಮೊದಲು ಆಸಿಡ್ ಹಾಕಿ ತೊಳೀತೀವಿ ಅಂದ.

ಆ ರಾತ್ರಿ ಊಟ ಮಾಡ್ತಾ ಅಮ್ಮನಿಗೆ ಹೇಳಿದೆ, ‘ನಾಳೆ ಅಡ್ವಾನ್ಸ್ ಕೊಡ್ತೀನಮ್ಮ’ ಅಂತ. ಅಮ್ಮ ತಟ್ಟೆಯಿಂದ ತಲೆ ಎತ್ತದೆ, ‘ಆ ಮಸಿ ತೊಳೀಬೇಡಿ’ ಅಂದ್ರು. ಅಷ್ಟೇ. ಯಾಕೆ ಅಂದೆ. ಆಗ ಹೇಳಿದ್ರು.

ನಮ್ಮ ತಾತ ಮೂಡಿಗೆರೆ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ರು ಅನ್ನೋದು ನನಗೆ ಗೊತ್ತಿತ್ತು. ಎಸ್ಟೇಟ್ ರೈಟರ್ ಅಂದ್ರೆ ಕಥೆ ಬರೆಯೋರಲ್ಲ, ಹಾಜರಿ, ಬಟವಾಡೆ, ಗೊಬ್ಬರದ ಚೀಲ, ಎಲ್ಲದರ ಲೆಕ್ಕ ಬರೆಯೋರು. ಲೈನ್ ಮನೆಗಳಿಗಿಂತ ಸ್ವಲ್ಪ ಮೇಲೆ, ಬಂಗಲೆಗಿಂತ ಬಹಳ ಕೆಳಗೆ ಅವರ ಕ್ವಾರ್ಟರ್ಸ್. ಬಟವಾಡೆ ಹಿಂದಿನ ಸಂಜೆ ಲೆಕ್ಕದ ಪುಸ್ತಕ ಬಂಗಲೆಗೆ ಹೋಗಬೇಕು. ತಾತನಿಗೆ ಕಾಲು ನೋವಿದ್ದ ಒಂದು ಮಳೆಗಾಲ ಅದನ್ನ ತಗೊಂಡು ಹೋಗೋ ಕೆಲಸ ಅಪ್ಪನ ಪಾಲಿಗೆ ಬಂತು. ಹತ್ತೋ ಹನ್ನೊಂದೋ ವರ್ಷ. ಪುಸ್ತಕ ಒದ್ದೆ ಆಗಬಾರದು ಅಂತ ಅದನ್ನ ಗೊರಬಿನ ಒಳಗೆ ಹಿಡ್ಕೊಂಡು, ತಾನು ನೆನೆದುಕೊಂಡು ಹೋಗ್ತಿದ್ರಂತೆ. ವರಾಂಡದಲ್ಲಿ ನಿಲ್ಲಬೇಕು. ಒಳಗೆ ಪುಸ್ತಕ ನೋಡಿ, ಸಹಿ ಹಾಕಿ ವಾಪಸ್ ಕೊಡೋವರೆಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ವರಾಂಡದ ಕಿಟಕಿಯಿಂದ ಒಳಗಿನ ಅಗ್ಗಿಷ್ಟಿಕೆ ಕಾಣ್ತಿತ್ತು. ದೊಡ್ಡ ಇಟ್ಟಿಗೆ ಗೋಡೆ, ಮೇಲೆ ಕಲ್ಲಿನ ಚಪ್ಪಡಿ, ಕೆಳಗೆ ಬೆಂಕಿ, ಅದರ ಮುಂದೆ ನಾಯಿ ಮಲಗಿರೋದು. ‘ನಾಯಿಗೆ ಬಿಸಿ, ನನಗೆ ನಡುಕ’ ಅಂತ ಅಪ್ಪ ಅಮ್ಮನ ಹತ್ರ ಮದುವೆಯಾದ ಹೊಸದರಲ್ಲಿ ಒಂದು ಸಲ ಹೇಳಿದ್ರಂತೆ. ಬಂಗಲೆಯವರು ಕೆಟ್ಟವರೇನಲ್ಲ, ಒಂದು ಸಲ ಬಿಸ್ಕತ್ತು ಕಳಿಸಿದ್ರಂತೆ. ವರಾಂಡಕ್ಕೇ.

ಇಷ್ಟು ಹೇಳಿ ಅಮ್ಮ ಕೈ ತೊಳೆಯೋಕೆ ಎದ್ದುಹೋದ್ರು. ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಹಾಗಾದ್ರೆ ಆ ಪುಡಿಗೆ ಏನು ಮಾಡ್ತೀಯ?’ ಅಂದ್ಲು. ಅಕ್ಕ ಯಾವಾಗಲೂ ಹಾಗೇ.

ಆ ಪುಡಿಯ ಕಥೆಯಿಂದಲೇ ನಮ್ಮ ಕೆಲಸ ಶುರುವಾಯ್ತು. ಇಟ್ಟಿಗೆ ಗೋಡೆ ಇರೋರೆಲ್ಲಾ ಇದನ್ನ ಗಮನ ಇಟ್ಟು ಕೇಳಿ. ಗೋಡೆ ಮೇಲೆ ಬರೋ ಆ ಬಿಳಿ ಪುಡಿ ಉಪ್ಪು. ಇಟ್ಟಿಗೆ, ಸಿಮೆಂಟು, ಮರಳು, ಎಲ್ಲದರಲ್ಲೂ ಸ್ವಲ್ಪ ಲವಣ ಇರುತ್ತೆ. ಗೋಡೆಗೆ ಎಲ್ಲಿಂದಲೋ ನೀರು ಸೇರಿದಾಗ ಅದು ಕರಗುತ್ತೆ. ನೀರು ಗೋಡೆ ಮೇಲೆ ಬಂದು ಆರಿದಾಗ ಉಪ್ಪು ಅಲ್ಲೇ ಉಳಿಯುತ್ತೆ. ಅಂದ್ರೆ ಕಾಯಿಲೆ ಉಪ್ಪಲ್ಲ, ನೀರು. ನೀರು ನಿಲ್ಲಿಸದೆ ಮೇಲೆ ಏನು ಹೊಡೆಸಿದ್ರೂ ದಂಡ. ಹೊಳಪಿನ ವಾರ್ನಿಷ್ ಹೊಡೆಸಿದ್ರೆ ಇನ್ನೂ ಕೆಟ್ಟದ್ದು. ಉಪ್ಪು ಆಚೆ ಬರೋಕೆ ದಾರಿ ಇಲ್ಲದೆ ವಾರ್ನಿಷ್ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಎಬ್ಬಿಸಿ ಕೆಡವುತ್ತೆ. ಬಣ್ಣದ್ದೂ ಅದೇ ಗತಿ. ಅದೂ ಅಲ್ದೆ ಇಟ್ಟಿಗೆಗೆ ಒಂದು ಸಲ ಬಣ್ಣ ಬಳಿದ್ರೆ ಪೂರ್ತಿ ತೆಗೆಯೋಕೆ ಆಗಲ್ಲ. ಇಟ್ಟಿಗೆಯ ಒಂದೊಂದು ರಂಧ್ರದಲ್ಲೂ ಹೋಗಿ ಕೂತಿರುತ್ತೆ.

ಪರಿಚಯದ ಒಬ್ಬರು ವಯಸ್ಸಾದ ಮೇಸ್ತ್ರಿಯನ್ನ ಕರೆಸಿದೆ. ಅವರು ಗೋಡೆ ನೋಡಲೇ ಇಲ್ಲ, ಸೀದಾ ತಾರಸಿಗೆ ಹೋದ್ರು. ಮೇಲಿಂದ ಕೂಗಿದ್ರು, ‘ಅಮ್ಮಾ, ಈ ಪೈಪಿಗೆ ತಲೆ ಮೇಲೆ ಟೋಪಿನೇ ಇಲ್ವಲ್ಲ!’ ಇಪ್ಪತ್ತೆಂಟು ವರ್ಷದಿಂದ ಆ ನಾಲ್ಕಿಂಚಿನ ಪೈಪು ಆಕಾಶಕ್ಕೆ ಬಾಯಿ ಬಿಟ್ಕೊಂಡು ನಿಂತಿತ್ತು. ಬಂದ ಮಳೆಯೆಲ್ಲಾ ಗೋಡೆ ಒಳಗೆ. ಪೈಪಿನ ಸುತ್ತ ತಾರಸಿಯ ಗಾರೆನೂ ಬಿರುಕು ಬಿಟ್ಟಿತ್ತು. ಪೈಪಿಗೆ ಒಂದು ಮುಚ್ಚಳ, ಗಾಳಿಯಾಡೋಕೆ ಪಕ್ಕದಲ್ಲಿ ಜಾಲರಿ. ಸುತ್ತ ಬಿರುಕು ಕೆತ್ತಿ ಹೊಸ ಗಾರೆ. ಒಂದು ದಿನದ ಕೆಲಸ, ನಾಲ್ಕು ಸಾವಿರ ರೂಪಾಯಿ. ಆಮೇಲೆ ಮೇಸ್ತ್ರಿ ಹೇಳಿದ ಮಾತು ನನಗೆ ಬಹಳ ಕಷ್ಟ ಆಯ್ತು: ‘ಈಗ ಏನೂ ಮಾಡಬೇಡಿ ಮೇಡಂ. ಒಂದು ಮಳೆಗಾಲ ಕಳೀಲಿ.’

ಕಾದೆವು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಎಂಥ ಮಳೆ ಹುಯ್ಯಿತು ಅನ್ನೋದು ನಿಮಗೆಲ್ಲಾ ನೆನಪಿರುತ್ತೆ. ಅಮ್ಮ ದಿನಾ ಬೆಳಗ್ಗೆ ಗೋಡೆ ಮುಟ್ಟಿ ನೋಡೋರು, ಮಗುವಿಗೆ ಜ್ವರ ಇದೆಯಾ ಅಂತ ನೋಡ್ತಾರಲ್ಲ, ಹಾಗೆ. ನವೆಂಬರ್ ಕೊನೆಗೆ ಪುಡಿ ನಿಂತಿತ್ತು. ಇದ್ದ ಉಪ್ಪನ್ನ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಸಿದ್ವಿ. ನೀರು ಹಾಕಬಾರದು, ಹಾಕಿದ್ರೆ ಮತ್ತೆ ಕರಗಿ ಒಳಗೆ ಹೋಗುತ್ತೆ. ಇಟ್ಟಿಗೆ ಸಂದಿನ ಗಾರೆ ಕೆಲವು ಕಡೆ ಉದುರಿತ್ತು. ಅದಕ್ಕೆ ಬರೀ ಸಿಮೆಂಟ್ ತುಂಬಬಾರದು ಅಂತ ಗೊತ್ತಾಯ್ತು. ಸಂದು ಇಟ್ಟಿಗೆಗಿಂತ ಗಟ್ಟಿಯಾದ್ರೆ ಇಟ್ಟಿಗೆಯ ಅಂಚೇ ಒಡೆಯುತ್ತೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು, ಇದು ನಮ್ಮ ಮೇಸ್ತ್ರಿಯ ಲೆಕ್ಕ. ಕೊನೆಗೆ ಹೊಳಪಿಲ್ಲದ, ಗೋಡೆ ಉಸಿರಾಡೋಕೆ ಬಿಡೋ ಸೈಲೇನ್ ಸೀಲರ್ ಒಂದು ಕೈ. ಅದು ಹಚ್ಚಿದ್ರೂ ಹಚ್ಚಿದ್ದೇ ಗೊತ್ತಾಗಬಾರದು. ಗೊತ್ತಾದ್ರೆ ನೀವು ತಪ್ಪು ಡಬ್ಬ ತಂದಿದ್ದೀರಿ. ಮಸಿ ಕಲೆ ಇದ್ದ ಜಾಗಕ್ಕೆ ಬ್ರಷ್ ತಾಗದ ಹಾಗೆ ಅಮ್ಮ ಕುರ್ಚಿ ಹಾಕ್ಕೊಂಡು ಕೂತು ಕಾವಲು ಕಾದ್ರು.

ಗೋಡೆ ಗುಣ ಆದಮೇಲೆ ಅಲಂಕಾರ. ಇಲ್ಲಿ ನಾನು ಮಾಡಿದ ಮೊದಲ ತಪ್ಪು ಕೇಳಿ. ಇಷ್ಟು ಚೆಂದದ ಗೋಡೆ ಸಿಕ್ಕಿದೆ ಅಂತ ಅದರ ಮೇಲೆ ಎಲ್ಲಾ ನೇತುಹಾಕೋಕೆ ಹೊರಟೆ. ಹಿತ್ತಾಳೆ ತಟ್ಟೆ, ಯಕ್ಷಗಾನದ ಮುಖವಾಡ, ಫ್ಯಾಮಿಲಿ ಫೋಟೋ. ಸಂತೆ ಥರ ಆಯ್ತು. ಇಟ್ಟಿಗೆ ಗೋಡೆಯಲ್ಲಿ ಈಗಾಗಲೇ ಐನೂರು ಚಿಲ್ಲರೆ ಚೌಕ ಇದೆ, ಸಾವಿರಾರು ಗೆರೆ ಇದೆ. ಅದರ ಮೇಲೆ ಇನ್ನಷ್ಟು ಚೌಕದ ಫ್ರೇಮು ಹಾಕಿದ್ರೆ ಕಣ್ಣು ಎಲ್ಲಿ ನಿಲ್ಲಬೇಕು? ಎಲ್ಲಾ ತೆಗೆದೆ. ಒಂದೇ ಒಂದು ಉಳಿಸಿದೆ, ಅದನ್ನ ಆಮೇಲೆ ಹೇಳ್ತೀನಿ. ಮೊಳೆ ಹೊಡೆಯೋದಿದ್ರೆ ಹಗುರವಾದ ವಸ್ತುವಿಗೆ ಸಂದಿನ ಗಾರೆಯಲ್ಲಿ ಡ್ರಿಲ್ ಮಾಡಿ, ಇಟ್ಟಿಗೆಯಲ್ಲಿ ಬೇಡ. ಗಾರೆ ನಾಳೆ ಮತ್ತೆ ತುಂಬಬಹುದು, ತೂತಾದ ಇಟ್ಟಿಗೆ ತೂತೇ.

ಎರಡನೇದು ಬೆಳಕು. ನಿಜ ಹೇಳಬೇಕಂದ್ರೆ ಇಡೀ ಕೆಲಸದಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಬದಲಾವಣೆ ತಂದಿದ್ದು ಇದು. ನಮ್ಮ ಹಾಲ್‌ನಲ್ಲಿ ಮೊದಲಿಂದ ಬಿಳಿ ಟ್ಯೂಬ್‌ಲೈಟ್. 6500 ಕೆಲ್ವಿನ್ ಅಂತ ಡಬ್ಬದ ಮೇಲೆ ಬರೆದಿರುತ್ತಲ್ಲ, ಅದು. ಆ ನೀಲಿ ಬಿಳಿ ಬೆಳಕಲ್ಲಿ ಕೆಂಪು ಇಟ್ಟಿಗೆ ಸತ್ತಹಾಗೆ, ಬೂದು ಬಣ್ಣಕ್ಕೆ ಕಾಣುತ್ತೆ. ಎಷ್ಟೋ ಜನ ಇಟ್ಟಿಗೆ ಗೋಡೆ ಕತ್ತಲೆ ಮಾಡುತ್ತೆ ಅಂತ ಮುಚ್ಚಿಸ್ತಾರೆ. ಗೋಡೆ ಮುಚ್ಚೋ ಮುಂಚೆ ಬಲ್ಬ್ ಬದಲಾಯಿಸಿ ನೋಡಿ. 2700ರ ಬಲ್ಬು ತಂದ್ವಿ. ಎದುರಿಂದ ಬೆಳಕು ಬಿಟ್ರೆ ಇಟ್ಟಿಗೆ ಚಪ್ಪಟೆ. ಗೋಡೆಗೆ ಹತ್ತಿರ, ಏಳೆಂಟು ಇಂಚು ದೂರದಲ್ಲಿ ಮೇಲಿಂದ ಕೆಳಕ್ಕೆ ಬೆಳಕು ಸವರಿಕೊಂಡು ಹೋಗೋ ಹಾಗೆ ಇಟ್ರೆ ಒಂದೊಂದು ಇಟ್ಟಿಗೆಗೂ ನೆರಳು ಬೀಳುತ್ತೆ. ಟಣ್ ಅಂದ ಇಟ್ಟಿಗೆಗಳ ಮೇಲೆ ಕಾರ್ಖಾನೆಯ ವೈರ್ ಕೊಯ್ದ ಗೀರು ಕೂಡ ನಾನು ಮೊದಲ ಸಲ ನೋಡಿದ್ದು ಆವಾಗ.

ಉಳಿದ ಮೂರು ಗೋಡೆಗೆ ಬಿಳಿ. ಆದರೆ ಆಸ್ಪತ್ರೆ ಬಿಳಿ ಅಲ್ಲ, ಮಜ್ಜಿಗೆ ಬಿಳಿ. ತೀರಾ ಶುದ್ಧ ಬಿಳಿ ಪಕ್ಕದಲ್ಲಿದ್ರೆ ಇಟ್ಟಿಗೆ ಕೊಳಕಾಗಿ ಕಾಣುತ್ತೆ. ನೆಲ ನಮ್ಮದು ಹಳೇ ಮೊಸಾಯಿಕ್, ಬೂದು ಬಿಳಿ ಚುಕ್ಕಿ. ಅದೃಷ್ಟಕ್ಕೆ ಅದು ಹೊಂದಿಕೊಂಡಿತು. ನಿಮ್ಮದು ರೆಡ್ ಆಕ್ಸೈಡ್ ನೆಲ ಆದ್ರೆ ಕೆಂಪಿನ ಮೇಲೆ ಕೆಂಪು ಆಗುತ್ತೆ, ಮಧ್ಯೆ ಒಂದು ತಿಳಿ ಬಣ್ಣದ ಜಮಖಾನೆನೋ ಚಾಪೆನೋ ಹಾಸಿಕೊಳ್ಳಿ. ಸೋಫಾಗೆ ಮರೂನ್, ಕಿತ್ತಳೆ ಬಟ್ಟೆ ಬೇಡ. ನಮ್ಮದಕ್ಕೆ ಹಸಿರು ಮಿಶ್ರಿತ ಬೂದು ಬಣ್ಣದ ಕಾಟನ್ ಹೊದಿಸಿದ್ವಿ. ಅದರ ಮೇಲೆ ಅಮ್ಮನ ತವರಿನ ಕೌದಿ ಒಂದು. ಹಳೇ ಸೀರೆ, ಪಂಚೆ ತುಂಡು ಹೊಲಿದ ಕೌದಿ ಇಟ್ಟಿಗೆ ಎದುರಿಗೆ ಎಷ್ಟು ಲಕ್ಷಣವಾಗಿ ಕೂರುತ್ತೆ ಅಂದ್ರೆ, ಅಂಗಡಿಯ ಯಾವ ಕುಷನ್ನೂ ಹಾಗೆ ಕೂರಲ್ಲ.

ಟಿವಿ ವಿಷಯದಲ್ಲಿ ಜಗಳ ಆಯ್ತು. ನನ್ನ ಗಂಡನಿಗೆ ಅದು ಗೂಡಿನ ಮೇಲೇ ಬೇಕು. ಅಲ್ಲಿಟ್ರೆ ಕ್ರಿಕೆಟ್ ನೋಡಿ ಮುಗಿಯೋ ಹೊತ್ತಿಗೆ ಕತ್ತು ಹಿಡ್ಕೊಳ್ಳುತ್ತೆ. ಕೂತಾಗ ಕಣ್ಣಿನ ಮಟ್ಟ ನೆಲದಿಂದ ಮೂರೂವರೆ ಅಡಿ ಆಸುಪಾಸು, ಟಿವಿಯ ಮಧ್ಯಭಾಗ ಅಲ್ಲಿರಬೇಕು. ಚಪ್ಪಡಿನೇ ನಾಲ್ಕಡಿ ಮೇಲಿದೆ. ಕೊನೆಗೆ ಟಿವಿ ಉತ್ತರದ ಗೋಡೆಗೆ ಹೋಯ್ತು. ಸೋಫಾ ಗೋಡೆಗೆ ಮುಖ ಮಾಡಿದೆ, ಅಮ್ಮನ ಈಸಿ ಚೇರು ಓರೆಯಾಗಿದೆ. ಧಾರಾವಾಹಿ ನೋಡಬೇಕಂದ್ರೆ ಅವರು ಸ್ವಲ್ಪ ತಿರುಗ್ತಾರೆ, ಅಷ್ಟೇ. ಹಾಲ್‌ನಲ್ಲಿ ಕೂತೋರು ಮೊದಲು ಟಿವಿ ಕಡೆ ಮುಖ ಮಾಡಿ ಮಾತಾಡೋರು. ಈಗ ಬಂದವರು ಒಬ್ಬರ ಮುಖ ಒಬ್ಬರು ನೋಡ್ತಾರೆ. ಇದರಿಂದ ಮಾತು ಕಡಿಮೆ ಆದದ್ದೂ ಉಂಟು ಅನ್ನಿ.

ಗೂಡಿನ ಒಳಗೆ ಏನಿಡೋದು? ಬೆಂಕಿ ಇಲ್ಲದ ಗೂಡು ಖಾಲಿ ಬಿಟ್ರೆ ಕಪ್ಪು ಬಾಯಿ ಥರ ಕಾಣುತ್ತೆ. ಎಲೆಕ್ಟ್ರಿಕ್ ಬೆಂಕಿ ಅಂತ ಬರುತ್ತೆ, ಪ್ಲಾಸ್ಟಿಕ್ ಸೌದೆ ಮೇಲೆ ಕೆಂಪು ಲೈಟು. ಅದನ್ನ ನೋಡಿ ಅಮ್ಮ ‘ಆರ್ಕೆಸ್ಟ್ರಾ ಸ್ಟೇಜ್ ಇದ್ದಹಾಗಿದೆ’ ಅಂದ್ರು. ಪಾಟರಿ ಟೌನ್‌ಗೆ ಹೋಗಿ ಬೇರೆಬೇರೆ ಎತ್ತರದ ಮೂರು ಮಣ್ಣಿನ ಮಡಕೆ ತಂದೆ, ಇಟ್ಟಿಗೆಯ ಜಾತಿಯದೇ ಮಣ್ಣು. ಸಾಮಾನ್ಯ ದಿನಗಳಲ್ಲಿ ಅವು ಅಲ್ಲಿರುತ್ತೆ. ಶುಕ್ರವಾರ ಸಂಜೆ ಮಡಕೆ ಪಕ್ಕಕ್ಕೆ ಸರಿಸಿ ಎರಡು ಹಿತ್ತಾಳೆ ದೀಪ. ಇಷ್ಟು ಬೆಂಕಿಗೆ ನಾಲ್ಕಿಂಚಿನ ಪೈಪ್ ಸಾಕು. ದಸರಾದಲ್ಲಿ ಮಾತ್ರ ಗೂಡಿಗೆ ವೈಭವ. ಪಟ್ಟದ ಗೊಂಬೆಗಳು ಮೇಲಿನ ಚಪ್ಪಡಿ ಮೇಲೆ, ಅಲ್ಲಿಂದ ಕೆಳಕ್ಕೆ ಎರಡೂ ಕಡೆ ಹಲಗೆ ಮೆಟ್ಟಿಲು, ಗೂಡಿನ ಒಳಗೆ ಚನ್ನಪಟ್ಟಣದ ಗೊಂಬೆಗಳ ಒಂದು ಊರು. ಈ ಸಲ ಅಕ್ಕನ ಮಗಳು ಬಂದಿದ್ಲು. ಅದರ ಮಧ್ಯೆ ಅವಳ ಪ್ಲಾಸ್ಟಿಕ್ ಡೈನೋಸಾರ್ ಕೂಡ ಇಟ್ಟಿದ್ಲು. ಇರಲಿ ಬಿಡು ಅಂದ್ವಿ.

ಒಟ್ಟು ಖರ್ಚು, ಸೋಫಾ ಬಟ್ಟೆ, ಬಣ್ಣ, ಲೈಟು, ಗೋಡೆ ರಿಪೇರಿ ಎಲ್ಲಾ ಸೇರಿ 62 ಸಾವಿರ. ಡಿಸೈನರ್ ಹುಡುಗನಿಗೆ ಅವನ ಸಮಯಕ್ಕೆ ಅಂತ ಫೀಸ್ ಕೊಟ್ಟೆ, ಅದು ಬೇರೆ.

ಗೋಡೆ ಮೇಲೆ ಒಂದೇ ವಸ್ತು ಉಳಿಸಿದೆ ಅಂದ್ನಲ್ಲ. ಅಪ್ಪನ ಫೋಟೋ ಅಲ್ಲ. ಫೋಟೋ ದಕ್ಷಿಣದ ಗೋಡೆಯಲ್ಲಿದೆ, ಎಲ್ಲರ ಮನೆಯ ಹಾಗೆ, ಗಂಧದ ಹಾರ ಹಾಕಿ. ಇದು ತಾತನ ಕಾಲದ ಒಂದು ಗೊರಬು. ಬಿದಿರಿನದು, ಮಳೆಗೆ ಬೆನ್ನ ಮೇಲೆ ಹಾಕ್ಕೊಳ್ಳೋದು, ಗೊತ್ತಿರಬಹುದು ನಿಮಗೆ. ಮೂಡಿಗೆರೆಯ ಚಿಕ್ಕಪ್ಪನ ಮನೆಯ ಅಟ್ಟದಲ್ಲಿತ್ತು. ಅಪ್ಪ ಪುಸ್ತಕ ಮುಚ್ಕೊಂಡು ಹೋಗಿದ್ದು ಇದೇನಾ ಅಂತ ಕೇಳಿದ್ರೆ ಚಿಕ್ಕಪ್ಪ, ‘ಇದೇ ಅಂತ ಹೇಳೋಕಾಗಲ್ಲ ಮಗಳೇ, ಮನೆಯಲ್ಲಿ ನಾಲ್ಕೈದಿತ್ತು’ ಅಂದ್ರು. ಇರಲಿ ಅಂತ ತಂದೆ. ಗೂಡಿನ ಬಲಗಡೆ, ಮಸಿ ಕಲೆಯ ಪಕ್ಕದಲ್ಲಿ ತೂಗುಹಾಕಿದೆ.

ಹೋದ ತಿಂಗಳು ಮೇಸ್ತ್ರಿ ತಾರಸಿಯ ಇನ್ನೊಂದು ಕೆಲಸಕ್ಕೆ ಬಂದಿದ್ರು. ಗೂಡನ್ನ ಬಗ್ಗಿ ನೋಡಿ, ಪೈಪ್ ತೆಗೆದು ದೊಡ್ಡ ಕೊಳವೆ ಮಾಡಬಹುದು, ಗೂಡಿನ ಆಳ ಕಡಿಮೆ ಮಾಡಿ ಪಕ್ಕ ಓರೆ ಕಟ್ಟಿದ್ರೆ ಹೊಗೆ ಸರಿಯಾಗಿ ಹೋಗುತ್ತೆ, ಒಂದು ವಾರದ ಕೆಲಸ ಅಂದ್ರು. ನನಗೆ ಆಸೆ ಆಯ್ತು. ಒಂದು ಡಿಸೆಂಬರ್ ಸಂಜೆ, ಒಂದೇ ಸಲ. ಅಮ್ಮನ ಕಡೆ ನೋಡಿದೆ. ಅವರು ಅವರೆಕಾಯಿ ಬಿಡಿಸ್ತಾ ಇದ್ರು. ‘ಸೌದೆ ಎಲ್ಲಿಂದ ತರ್ತೀಯ?’ ಅಂದ್ರು. ಬೇಡ ಅನ್ನಲಿಲ್ಲ.

ಸೌದೆ ವಿಚಾರಿಸ್ತಾ ಇದ್ದೀನಿ.